ಮಾವನ ಷರಾ, ನನ್ನ ಕೈಚಳಕ

ಸಾವಿನ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಬಂದು ಸೇರುತ್ತದೆ. ಒಬ್ಬರು ಪುರೋಹಿತರನ್ನು ಗೊತ್ತುಮಾಡುತ್ತಾರೆ, ಒಬ್ಬರು ಅಡುಗೆಯವರಿಗೆ ಹೇಳುತ್ತಾರೆ, ಇನ್ನೊಬ್ಬರು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ 'ಹೇಗಾಯಿತು' ಎಂಬುದನ್ನು ಮೊದಲಿನಿಂದ ಹೇಳುತ್ತಾರೆ. ನನ್ನ ಕೆಲಸ ತಾನಾಗಿ ಬರಲಿಲ್ಲ. ನಾನೇ ಮುಂದೆ ಬಿದ್ದು ಕೇಳಿ ತೆಗೆದುಕೊಂಡೆ. ಈಗ ಯೋಚಿಸಿದರೆ ನನ್ನ ಯೋಗ್ಯತೆಗೆ ಬಾಗಿಲಲ್ಲಿ ನಿಲ್ಲುವ ಕೆಲಸವೇ ಹೆಚ್ಚಾಗಿತ್ತು.

ತೀರಿಕೊಂಡವರು ನನ್ನ ಸೋದರಮಾವ. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು ಮತ್ತು ರುಕ್ಮಿಣಿ ಅತ್ತೆ, ಇಬ್ಬರೇ. ಆದರೂ ಅದು ಇಬ್ಬರ ಮನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಹಳೆಯ ವಿದ್ಯಾರ್ಥಿಗಳು, ಹಳೆಯ ಮೇಷ್ಟರುಗಳು, ವಾಕಿಂಗ್ ಗೆಳೆಯರು, ಹೀಗೆ ದಿನಕ್ಕೆ ನಾಲ್ಕು ಜನ ಬಂದೇ ಬರುತ್ತಿದ್ದರು. ಬಂದವರನ್ನು ಮಾವ 'ಬನ್ನಿ' ಎನ್ನುತ್ತಿರಲಿಲ್ಲ, 'ಕೈ ತೊಳ್ಕೊಳ್ಳಿ' ಎನ್ನುತ್ತಿದ್ದರು. ಉಣ್ಣದೆ ಆ ಮನೆಯ ಮೆಟ್ಟಿಲಿಳಿದವರಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಹತ್ತಿರ ಕರೆದರು.

"ರಘು, ಹದಿಮೂರನೇ ದಿನ ವೈಕುಂಠ ಸಮಾರಾಧನೆ. ಎಲ್ಲರಿಗೂ ತಿಳಿಸ್ಬೇಕಲ್ಲಪ್ಪ. ಸುಲ್ತಾನ್‌ಪೇಟೆಗೆ ಹೋಗಿ ಕಾರ್ಡು ಹಾಕಿಸ್ಕೊಂಡು ಬರ್ತೀಯಾ?"

"ಕಾರ್ಡು ಯಾಕತ್ತೆ? ನಾಲ್ಕೇ ದಿನ ಇರೋದು, ಪೋಸ್ಟಲ್ಲಿ ತಲುಪಲ್ಲ. ಎಲ್ಲರ ಫೋನಿಗೆ ನಾನು ಮೆಸೇಜ್ ಕಳಿಸ್ತೀನಿ. ಅವರವರ ಹೆಸರು ಹಾಕಿ, ಕಾರ್ಡಿಗಿಂತ ಮರ್ಯಾದೆಯಾಗಿ."

"ಒಬ್ರನ್ನೂ ಬಿಡ್ಬೇಡ." ಅತ್ತೆ ಮಾವನ ಖಾಲಿ ಕುರ್ಚಿಯ ಕಡೆ ನೋಡಿದರು. "ನನಗೆ ಅಂತ ಇನ್ನು ಇರೋದು ಅವರೇ ಕಣೋ. ಅವತ್ತು ಬಂದು ಎಲೆ ಮುಂದೆ ಕೂತ್ರೆ, ಇವರು ಹೋದ್ಮೇಲೂ ಈ ಮನೆಗೆ ಜನ ಬರ್ತಾರೆ ಅಂತ ನಂಗೊಂದು ಧೈರ್ಯ."

ಒಬ್ಬರನ್ನೂ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಅಕ್ಷರಶಃ ನಡೆಸಿದೆ ಎಂಬುದೇ ಈ ಕಥೆಯ ದುರಂತ.

ಮಾವನ ಹಳೆಯ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇತ್ತು. ಎಪ್ಪತ್ತು ದಾಟಿದ ಮೇಲೆ ಕನ್ನಡ ಟೈಪಿಂಗ್ ಕಲಿತು, ಪರಿಚಯದವರನ್ನೆಲ್ಲ ಒಂದೊಂದು ಸಾಲಿನಲ್ಲಿ ಸೇರಿಸಿಕೊಂಡಿದ್ದರು. ಒಟ್ಟು ಇನ್ನೂರ ಹದಿನಾಲ್ಕು ಸಾಲು. ಮೊದಲು ಫೋನ್ ನಂಬರು, ಆಮೇಲೆ ಹೆಸರು, ಆಮೇಲೆ ಬಡಾವಣೆ. ಕೆಲವು ಸಾಲುಗಳಲ್ಲಿ ಮಾತ್ರ ಹೆಸರಿಗೂ ಬಡಾವಣೆಗೂ ನಡುವೆ, ಎರಡು ಓರೆಗೆರೆಗಳ ಒಳಗೆ ಏನೋ ನಾಲ್ಕು ಪದ. ಒಂದನ್ನು ಓದಿದೆ, 'ಹಲ್ಲು ಕಟ್ಟಿಸಿಕೊಂಡಿದ್ದಾರೆ' ಎಂದಿತ್ತು. ಜೀವನವಿಡೀ ವಿದ್ಯಾರ್ಥಿಗಳ ಹೆಸರಿನ ಮುಂದೆ ಷರಾ ಬರೆದವರು, ಅಭ್ಯಾಸ ಹೋಗಿಲ್ಲ ಎಂದುಕೊಂಡು ಮುಂದೆ ಹೋದೆ. ಇನ್ನೊಂದೆರಡನ್ನು ಓದುವ ಬುದ್ಧಿ ಬರಲಿಲ್ಲ.

ನನ್ನ ಹೆಂಡತಿ ಮಾಲತಿ ಪಕ್ಕದಲ್ಲೇ ಕೂತಿದ್ದಳು.

"ಇನ್ನೂರು ಜನ ತಾನೇ? ನೀವು ನೂರು ಬರೀರಿ, ನಾನು ನೂರು ಬರೀತೀನಿ. ಸಂಜೆಗೆ ಮುಗಿಯುತ್ತೆ."

"ಕೈಯಲ್ಲಾ?" ಎಂದು ನಕ್ಕೆ. "ನಾನು ತರಬೇತಿ ಪಡೆದಿರೋನು ಕಣೆ."

ಇಲ್ಲಿ ನನ್ನ ಪಾಂಡಿತ್ಯದ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಬಸವನಗುಡಿಯ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ನಮಗೆ ಒಮ್ಮೆ ಎರಡು ದಿನದ ತರಬೇತಿ ಕೊಟ್ಟಿದ್ದರು. ಸಾವಿರ ಸಾಲಿನ ಪಟ್ಟಿಯನ್ನು ಒಂದೇ ಏಟಿಗೆ ತಿದ್ದುವ ವಿದ್ಯೆ, ಹೆಸರು ರೆಗ್ಯುಲರ್ ಎಕ್ಸ್‌ಪ್ರೆಷನ್. ಸಾಲು ಹೇಗಿರುತ್ತದೆ ಎಂಬುದಕ್ಕೆ ನಾವು ಒಂದು ಮಾದರಿ ಬರೆಯಬೇಕು. ಬೇಕಾದ ಭಾಗಗಳ ಸುತ್ತ ಬ್ರಾಕೆಟ್ ಹಾಕಬೇಕು. ಬ್ರಾಕೆಟ್ಟುಗಳಿಗೆ ಎಡಗಡೆಯಿಂದ ಒಂದು, ಎರಡು, ಮೂರು ಎಂದು ತಾನಾಗಿ ನಂಬರು ಬೀಳುತ್ತದೆ. ಆಮೇಲೆ 'ಎರಡನೆಯದನ್ನು ಇಲ್ಲಿ ಇಡು, ಮೂರನೆಯದನ್ನು ಅಲ್ಲಿ ಇಡು' ಎಂದರೆ ಕಂಪ್ಯೂಟರು ಚಕಾರವೆತ್ತದೆ ಇಡುತ್ತದೆ. ಮೊದಲ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ನನಗೆ ಇಷ್ಟು ಅರ್ಥವಾಗಿತ್ತು. ಊಟ ಚೆನ್ನಾಗಿದ್ದುದರಿಂದ ಅದರ ನಂತರ ಹೇಳಿದ್ದು ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ.

ನನ್ನ ಲೆಕ್ಕದಲ್ಲಿ ಫೋನ್ ಒಂದು, ಹೆಸರು ಎರಡು, ಬಡಾವಣೆ ಮೂರು. ಮೆಸೇಜು ಹೀಗೆ ಶುರುವಾಗಬೇಕು: ಎರಡನೆಯದು, ಅಲ್ಪವಿರಾಮ, ಮೂರನೆಯದು, ಇವರಿಗೆ. ಅಂದರೆ 'ಶ್ರೀ ನಾಗರಾಜ ರಾವ್, ಮಾವಳ್ಳಿ, ಇವರಿಗೆ'. ಮಾವನ ಪಟ್ಟಿಯಲ್ಲಿ ನಾಗರಾಜರೇ ಒಂಬತ್ತು ಮಂದಿ ಇದ್ದುದರಿಂದ ಬಡಾವಣೆ ಇರಲಿ ಎಂದುಕೊಂಡೆ. ಅದರ ಕೆಳಗೆ, ವೈಕುಂಠ ಸಮಾರಾಧನೆಗೆ ತಾವು ಬಂದು ಮೃತರ ಆತ್ಮಕ್ಕೆ ಶಾಂತಿ ಕೋರಬೇಕಾಗಿ ಪ್ರಾರ್ಥನೆ ಎಂಬ ಗಂಭೀರವಾದ ಒಕ್ಕಣೆ.

ಮೊದಲ ಸಲ ನಡೆಸಿದಾಗ ಇನ್ನೂರ ಹದಿನಾಲ್ಕರಲ್ಲಿ ನೂರ ಇಪ್ಪತ್ತೊಂದು ಸಾಲು ಮಾತ್ರ ಬದಲಾದವು. ಒಂದೊಂದನ್ನೂ ಓದಿ ನೋಡಿದೆ, ಎಲ್ಲ ಸರಿಯಾಗಿದ್ದವು. ಉಳಿದ ತೊಂಬತ್ತಮೂರು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅವೆಲ್ಲ ಮಾವನ ಷರಾ ಇದ್ದ ಸಾಲುಗಳು. ನನ್ನ ಮಾದರಿಯಲ್ಲಿ ಷರಾಕ್ಕೆ ಜಾಗವೇ ಇರಲಿಲ್ಲ.

ಆಗ ತರಬೇತಿಯ ಒಂದು ಮಾತು ನೆನಪಾಯಿತು. ಒಂದು ಭಾಗ ಕೆಲವು ಸಾಲಿನಲ್ಲಿದ್ದು ಕೆಲವು ಸಾಲಿನಲ್ಲಿಲ್ಲದಿದ್ದರೆ, ಅದರ ಸುತ್ತ ಬ್ರಾಕೆಟ್ ಹಾಕಿ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಡಬೇಕು. 'ಇದ್ದರೆ ಇರಲಿ, ಇಲ್ಲದಿದ್ದರೆ ಬೇಡ' ಎಂದು ಅದರ ಅರ್ಥ. ನಮ್ಮ ಬಂಧುಬಳಗದಲ್ಲಿ ನನ್ನ ಸ್ಥಾನಮಾನವೂ ಹೆಚ್ಚುಕಡಿಮೆ ಇದೇ ಆದ್ದರಿಂದ ಮನಸ್ಸಿನಲ್ಲಿ ಉಳಿದುಕೊಂಡಿತ್ತು. ಮೂಲ ಪಟ್ಟಿಯನ್ನೇ ಮತ್ತೆ ತೆಗೆದು, ಮಾದರಿಯಲ್ಲಿ ಹೆಸರಿಗೂ ಬಡಾವಣೆಗೂ ನಡುವೆ ಷರಾಕ್ಕೆಂದು ಆ ಹೊಸ ಬ್ರಾಕೆಟ್ ತುರುಕಿದೆ. ಮತ್ತೆ ನಡೆಸಿದೆ. 'ಇನ್ನೂರ ಹದಿನಾಲ್ಕು ಬದಲಾವಣೆ' ಎಂದು ಪರದೆಯ ಮೇಲೆ ಬಂತು.

"ನೋಡು," ಎಂದೆ ಮಾಲತಿಗೆ.

"ಒಂದ್ಸಲ ಓದಿ ನೋಡಿ ಕಳಿಸಿ."

"ಆಗ್ಲೇ ಓದಿದೀನಿ."

ಓದಿದ್ದು ಹಿಂದಿನದನ್ನು. ಹೊಸದನ್ನಲ್ಲ. ಪಟ್ಟಿ ಕೊಟ್ಟರೆ ತಾನೇ ಎಲ್ಲರಿಗೂ ಎಸ್ಸೆಮ್ಮೆಸ್ ಕಳಿಸುವ ಏರ್ಪಾಡು ನಮ್ಮ ಕಚೇರಿಯ ಫೋನಿನಲ್ಲಿತ್ತು. ಒತ್ತಿದೆ. ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂರ ಹದಿನಾಲ್ಕೂ ಹೋದವು. ಕೈ ಕೊಡವಿಕೊಂಡು ಅತ್ತೆಯ ಬಳಿ ಹೋಗಿ, "ಆಯ್ತತ್ತೆ, ಒಬ್ಬರನ್ನೂ ಬಿಟ್ಟಿಲ್ಲ," ಎಂದೆ. ಅವರು ನನ್ನ ತಲೆ ಸವರಿದರು. ಐವತ್ತೆರಡು ವರ್ಷದ ತಲೆ, ಯಾರಾದರೂ ಸವರಿ ಬಹಳ ಕಾಲವಾಗಿತ್ತು.

ಹನ್ನೆರಡೂಕಾಲಿಗೆ ಮೊದಲ ಫೋನು ಬಂತು. ಮಾವಳ್ಳಿಯ ನಾಗರಾಜ ರಾಯರು, ಮಾವನ ಜೊತೆ ದಿನಾ ಲಾಲ್‌ಬಾಗಿನಲ್ಲಿ ನಡೆಯುತ್ತಿದ್ದವರು.

"ಏನಪ್ಪಾ ರಘು, ಮೆಸೇಜು ನೀನೇ ಕಳ್ಸಿದ್ದಾ?"

"ಹೌದು ರಾಯರೇ. ಬಂತಾ?"

"ಬಂತು. ಓದ್ತೀನಿ ಕೇಳು. 'ಶ್ರೀ ನಾಗರಾಜ ರಾವ್, ಕೂತರೆ ಏಳುವುದಿಲ್ಲ, ಇವರಿಗೆ.' ಏನಿದು?"

ನಾನು ಕಂಪ್ಯೂಟರಿನ ಕಡೆ ಓಡಿದೆ. ಕಳಿಸಿದ್ದನ್ನು ಆಗ ಓದಿದೆ, ಜೀವನದಲ್ಲಿ ಮೊದಲ ಸಲ. 'ಶ್ರೀ ವೆಂಕಟೇಶ್, ಪುಸ್ತಕ ಕೊಡಬಾರದು ವಾಪಸ್ ಬರುವುದಿಲ್ಲ, ಇವರಿಗೆ.' 'ಶ್ರೀಮತಿ ಸರೋಜಾ, ಹಾಡಲು ಕೇಳಬೇಡಿ, ಇವರಿಗೆ.' 'ಶ್ರೀ ಗುರುರಾಜ್, ಗಣಿತದಲ್ಲಿ ಮೂರು ಸಲ ಫೇಲ್ ಈಗ ಬಿಲ್ಡರ್, ಇವರಿಗೆ.' 'ಶ್ರೀ ಅನಂತಯ್ಯ, ತಿಥಿ ಊಟಕ್ಕೆ ಮೊದಲು ಬರುವವನು, ಇವರಿಗೆ.' ಹೀಗೆ ತೊಂಬತ್ತಮೂರು, ಹತ್ತು ಹನ್ನೆರಡರ ಆಚೆ ಓದುವ ಧೈರ್ಯವಾಗಲಿಲ್ಲ. ಷರಾ ಇಲ್ಲದ ನೂರ ಇಪ್ಪತ್ತೊಂದು ಮಂದಿಗೆ ಹೆಸರಿನ ಮುಂದೆ ಅಲ್ಪವಿರಾಮ, ಒಂದು ಖಾಲಿ ಜಾಗ, ಮತ್ತೆ ಅಲ್ಪವಿರಾಮ, ಇವರಿಗೆ.

ಆದದ್ದು ಇಷ್ಟೇ. ಪಂಕ್ತಿಯಲ್ಲಿ ಮೂರನೇ ಎಲೆಯವರಿಗೆ ಬಿಪಿ, ಉಪ್ಪಿಲ್ಲದ ಸಾರು ಹಾಕು ಎಂದು ಬಡಿಸುವವನಿಗೆ ಹೇಳಿರುತ್ತೀರಿ. ಆಮೇಲೆ ಎರಡನೆಯವರ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿಸುತ್ತೀರಿ. ಬಿಪಿಯವರು ಈಗ ನಾಲ್ಕನೆಯವರು. ಬಡಿಸುವವನು ಮಾತ್ರ ಎಣಿಸಿಕೊಂಡು ಬಂದು ಮೂರನೇ ಎಲೆಗೇ ಉಪ್ಪಿಲ್ಲದ ಸಾರು ಸುರಿಯುತ್ತಾನೆ. ಅಲ್ಲಿ ಯಾರಾದರೂ ಕೂತಿದ್ದಾರೋ, ಬರೀ ಎಲೆ ಇದೆಯೋ, ಅದು ಅವನಿಗೆ ಬೇಕಿಲ್ಲ. ನಾನು ಷರಾಕ್ಕೆ ಹೊಸ ಎಲೆ ಹಾಕಿಸಿದೆ, ಬಡಿಸುವವನಿಗೆ ನಂಬರು ಬದಲಾಗಿದೆ ಎಂದು ಹೇಳಲಿಲ್ಲ.

"ರಾಯರೇ, ಕಂಪ್ಯೂಟರಿಂದ ಏನೋ ತಪ್ಪಾಗಿದೆ."

"ಕಂಪ್ಯೂಟರಿಗೆ ನಾನು ಕೂತ್ರೆ ಏಳಲ್ಲ ಅಂತ ಹೇಗೆ ಗೊತ್ತು?" ಎಂದು ಫೋನಿಟ್ಟರು.

ನಮ್ಮಲ್ಲಿ ಸಾವಿನ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಓದಿದ ತಕ್ಷಣ ಹರಿದುಹಾಕುತ್ತಾರೆ. ಇದನ್ನು ಯಾರೂ ಹರಿಯಲಿಲ್ಲ. ಫಾರ್ವರ್ಡ್ ಮಾಡಿದರು. ಎರಡು ಗಂಟೆಯ ಹೊತ್ತಿಗೆ ಸರೋಜಮ್ಮನವರ ಮೆಸೇಜನ್ನು ಅವರ ಸಂಗೀತದ ಶಿಷ್ಯೆಯರೆಲ್ಲ ನೋಡಿಯಾಗಿತ್ತು.

ಇಲ್ಲಿಗೆ ಸುಮ್ಮನಾಗಿದ್ದರೆ ಯಂತ್ರದ ಮೇಲೆ ಹಾಕಿ ಬಚಾವಾಗಬಹುದಿತ್ತು. ಆದರೆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ತಿದ್ದೋಲೆ ಬರೆದ ಕೈ. ಮೂರು ಗಂಟೆಗೆ ಇನ್ನೂರ ಹದಿನಾಲ್ಕು ಮಂದಿಗೂ ಎರಡನೆಯ ಮೆಸೇಜು ಕಳಿಸಿದೆ: 'ಮಾನ್ಯರೇ, ಹಿಂದಿನ ಸಂದೇಶದಲ್ಲಿ ಕೆಲವರ ಹೆಸರಿನ ಮುಂದೆ ಬಡಾವಣೆಯ ಬದಲು ಬಂದಿರುವುದು, ದಿವಂಗತರು ಅವರವರ ಬಗ್ಗೆ ಖಾಸಗಿಯಾಗಿ ಬರೆದಿಟ್ಟುಕೊಂಡಿದ್ದ ಷರಾ ಆಗಿರುತ್ತದೆ. ದಯವಿಟ್ಟು ಅದನ್ನು ಪರಿಗಣಿಸಬಾರದಾಗಿ ವಿನಂತಿ.'

ಮಾಲತಿ ಅದನ್ನು ಎರಡು ಸಲ ಓದಿದಳು.

"ಇಷ್ಟು ಹೊತ್ತು ಅರ್ಧ ಜನ ಇದು ನಿಮ್ಮ ಕಿತಾಪತಿ ಅಂದ್ಕೊಂಡಿದ್ರು. ಈಗ ಮಾವನೇ ಬರೆದಿದ್ದು ಅಂತ ಸಹಿ ಹಾಕಿ ಕೊಟ್ರಲ್ಲ."

"ಸತ್ಯ ಹೇಳಿದೆ."

"ಖಾಲಿ ಬಂದವರಿಗೂ ಕಳ್ಸಿದೀರಾ?"

"ಎಲ್ಲರಿಗೂ."

"ಅವರಿಗೆ ಏನೂ ಗೊತ್ತೇ ಇರ್ಲಿಲ್ಲ, ರೀ. ಒಂದು ಅಲ್ಪವಿರಾಮ ಜಾಸ್ತಿ ಇದೆ ಅಷ್ಟೇ ಅಂದ್ಕೊಂಡಿದ್ರು. ಈಗ ಬೇರೆಯವರಿಗೆಲ್ಲ ಮಾವ ಏನೋ ಬರೆದಿದಾರೆ, ನಮಗೆ ಏನೂ ಇಲ್ಲ ಅಂತ ತಿಳೀತು."

ಅವಳು ಹೇಳಿದ್ದು ನಿಜವೆಂದು ಸಂಜೆ ಗೊತ್ತಾಯಿತು. ಶ್ರೀಕಂಠಯ್ಯನವರು ಎಂದು ಮಾವನ ಪರಮಾಪ್ತ ಗೆಳೆಯರು, ಎರಡು ರಸ್ತೆ ಆಚೆಗಿನ ಮನೆ. ಐವತ್ತು ವರ್ಷದ ಸ್ನೇಹ. ಮಾವ ಹೋದ ದಿನದಿಂದ ಪ್ರತಿ ಸಂಜೆ ಐದಕ್ಕೆ ಬಂದು, ಮಾವನ ಫೋಟೋದ ಎದುರು ಒಂದು ಗಂಟೆ ಮಾತಿಲ್ಲದೆ ಕೂತು ಹೋಗುತ್ತಿದ್ದರು. ಅವರು ಎದ್ದ ಮೇಲೆ ಅತ್ತೆ ಒಂದು ಲೋಟ ಹಾಲು ಕುಡಿಯುತ್ತಿದ್ದರು, ಅಲ್ಲಿಯವರೆಗೆ ಏನೂ ಬೇಡ ಎನ್ನುತ್ತಿದ್ದರು. ಅಂದು ಐದಾಯಿತು, ಆರಾಯಿತು, ಶ್ರೀಕಂಠಯ್ಯ ಬರಲಿಲ್ಲ. ಅತ್ತೆ ಹಾಲು ಕುಡಿಯಲಿಲ್ಲ.

ಮರುದಿನ ನಾನು ಕ್ಷಮೆ ಕೇಳಲು ಹೊರಟೆ. ಮೊದಲು ಮಾವಳ್ಳಿಗೆ, ನಾಗರಾಜ ರಾಯರ ಮನೆಗೆ. ರಾಯರು ಬಾಗಿಲು ತೆಗೆದರು, ನನ್ನನ್ನು ಕೂರಿಸಿದರು, ತಾವು ಕೂರಲಿಲ್ಲ. ಕಾಫಿಯನ್ನೂ ನಿಂತೇ ಕುಡಿದರು.

"ಕೂತ್ಕೊಳ್ಳಿ ರಾಯರೇ."

"ಬೇಡಪ್ಪ. ಕೂತ್ರೆ ಏಳಲ್ಲ ನಾನು."

ಅವರು ನೊಂದುಕೊಂಡಿರುವುದನ್ನು ಕಂಡು ನನಗೆ ಸಂಕಟವಾಯಿತು. ಸಮಾಧಾನ ಮಾಡೋಣವೆಂದು, "ನಿಮ್ಮದೇನೂ ಅಲ್ಲ ಬಿಡಿ, ಅನಂತಯ್ಯನವರ ಬಗ್ಗೆ ಏನು ಬರೆದಿದಾರೆ ಗೊತ್ತಾ," ಎಂದು ಹೇಳಿಬಿಟ್ಟೆ. ರಾಯರ ಮುಖ ಸ್ವಲ್ಪ ಅರಳಿತು. ಅದನ್ನು ಕಂಡು ಹುಮ್ಮಸ್ಸಿನಲ್ಲಿ ವೆಂಕಟೇಶರದ್ದನ್ನೂ ಹೇಳಿದೆ. ಆಮೇಲೆ ಬಿಲ್ಡರ್ ಗುರುರಾಜರದ್ದು. ಅರ್ಧ ಗಂಟೆಯಲ್ಲಿ ಹನ್ನೊಂದು ಷರಾ ಹೇಳಿ ಮುಗಿಸಿದ್ದೆ. ರಾಯರು ಸಮಾಧಾನಗೊಂಡರು. ಮಾರನೆಯ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಆ ಹನ್ನೊಂದನ್ನೂ ಅವರು ಬಾಯಿಪಾಠ ಒಪ್ಪಿಸಿದರು ಎಂದು ಆಮೇಲೆ ತಿಳಿಯಿತು.

ಅಲ್ಲಿಂದ ಶ್ರೀಕಂಠಯ್ಯನವರ ಮನೆಗೆ ಹೋದೆ. ಅವರು ಬಾಗಿಲನ್ನು ಅರ್ಧ ಮಾತ್ರ ತೆಗೆದರು.

"ಸರ್, ನಿಮಗೆ ಖಾಲಿ ಬಂದಿರೋದು ನನ್ನ ತಪ್ಪು. ಅಲ್ಲಿ ಚಾಮರಾಜಪೇಟೆ ಅಂತ ಬರಬೇಕಿತ್ತು."

"ಅದಲ್ಲ ರಘು, ಅವನ ಪಟ್ಟೀಲಿ ನನ್ನ ಹೆಸರಿನ ಮುಂದೆ ಏನಾದರೂ ಇತ್ತಾ?"

ಸುಳ್ಳು ಹೇಳಬೇಕಾದ ಜಾಗ ಅದು. ಮೂರ್ಖನಿಗೂ ಗೊತ್ತಾಗುತ್ತಿತ್ತು. ನನಗೆ ಗೊತ್ತಾಗಲಿಲ್ಲ.

"ಏನೂ ಇರ್ಲಿಲ್ಲ ಸರ್."

"ಐವತ್ತು ವರ್ಷ," ಎಂದರು. "ಒಂದು ಬೈಗುಳನಾದ್ರೂ ಬರೀಬಾರ್ದಾಗಿತ್ತಾ ಅವನು." ಬಾಗಿಲು ಮುಚ್ಚಿತು.

ಹನ್ನೆರಡನೆಯ ದಿನ ಅಡುಗೆ ಭಟ್ಟರು ಬಂದು ಎಷ್ಟು ಎಲೆ ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ಇನ್ನು ಮುಚ್ಚಿಡಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ, ಮೊದಲ ಮೆಸೇಜು, ಎರಡನೆಯ ಮೆಸೇಜು, ಮಾವಳ್ಳಿ, ಶ್ರೀಕಂಠಯ್ಯ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭಟ್ಟರಿಗೆ, "ಇನ್ನೂರಕ್ಕೇ ಮಾಡಿ," ಎಂದು ಹೇಳಿ ಒಳಗೆ ಹೋದರು. ಅಂದು ಮಧ್ಯಾಹ್ನವೆಲ್ಲ ನಾನು ಹಿತ್ತಲ ಕಲ್ಲಿನ ಮೇಲೆ ಕೂತಿದ್ದೆ. ನಾಳೆ ಯಾರೂ ಬರದಿದ್ದರೆ ಆ ಹೆಂಗಸು ಈ ಮನೆಯಲ್ಲಿ ಒಬ್ಬರೇ ಹೇಗಿರುತ್ತಾರೆ ಎಂಬುದನ್ನು ಬಿಟ್ಟು ಬೇರೆ ಯೋಚನೆ ಬರಲಿಲ್ಲ.

ಹದಿಮೂರನೆಯ ದಿನ ತಾರಸಿಯ ಮೇಲೆ ಶಾಮಿಯಾನ ಹಾಕಿತ್ತು. ಹನ್ನೆರಡೂವರೆಗೆ ಹೋಮ, ದಾನ ಎಲ್ಲ ಮುಗಿಯಿತು. ಭಟ್ಟರು ಮೊದಲ ಪಂಕ್ತಿಗೆ ಐವತ್ತು ಎಲೆ ಹಾಕಿದರು. ನೀರು ಚಿಮುಕಿಸಿದರು, ಉಪ್ಪು ಬಡಿಸಿದರು, ಕೋಸಂಬರಿ ಬಡಿಸಿದರು. ಕೂತವರು ಹದಿನಾಲ್ಕು ಮಂದಿ. ಅವರಲ್ಲಿ ಒಂಬತ್ತು ಜನ ನಾವೇ, ಮನೆಯವರು. ಉಳಿದವರಲ್ಲಿ ಮೊದಲು ಬಂದವರು ಅನಂತಯ್ಯ. ಸಂಕೋಚ ಪಡದೆ ನೆಟ್ಟಗೆ ಬಂದು ಮೊದಲನೇ ಎಲೆಯಲ್ಲೇ ಕೂತರು. ಆ ಘಳಿಗೆಯಲ್ಲಿ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಉಳಿದ ಮೂವತ್ತಾರು ಎಲೆಗಳ ಮೇಲೆ ಕೋಸಂಬರಿ ಬಾಡುತ್ತಿತ್ತು. ಅತ್ತೆ ಫೋಟೋದ ಪಕ್ಕ ಕುರ್ಚಿಯಲ್ಲಿ ಕೂತು ಮೆಟ್ಟಿಲ ಕಡೆಯೇ ನೋಡುತ್ತಿದ್ದರು.

ಒಂದು ಗಂಟೆಗೆ ಮೆಟ್ಟಿಲ ಮೇಲೆ ಸದ್ದಾಯಿತು. ಶ್ರೀಕಂಠಯ್ಯನವರು ಹತ್ತಿ ಬಂದರು. ಎಲೆಯ ಕಡೆ ಹೋಗಲಿಲ್ಲ. ಫೋಟೋದ ಮುಂದೆ ಕೈಮುಗಿದು ನಿಂತು, ಆಮೇಲೆ ಅತ್ತೆಯ ಕಡೆ ತಿರುಗಿದರು.

"ರುಕ್ಮಿಣಮ್ಮ, ಊಟಕ್ಕೆ ಬಂದಿಲ್ಲ ನಾನು. ಒಂದು ಮಾತು ಕೇಳ್ಬೇಕಿತ್ತು. ಅವನು ಅಷ್ಟೊಂದು ಜನದ ಬಗ್ಗೆ ಬರೆದಿದಾನಂತೆ. ನನಗೆ ಯಾಕೆ ಏನೂ ಬರೀಲಿಲ್ಲ?"

ತಾರಸಿಯ ಮೇಲೆ ಎಲ್ಲರ ಕೈ ನಿಂತಿತು. ಅನಂತಯ್ಯನವರ ಕೈ ಕೂಡ.

"ಕೂತ್ಕೊಳ್ಳಿ," ಎಂದರು ಅತ್ತೆ. "ಅವರಿಗೆ ಈಚೀಚೆಗೆ ಮರೆವು ಜಾಸ್ತಿ ಆಗಿತ್ತು. ನಿಮಗೂ ಹೇಳಿರ್ಲಿಲ್ಲ. ಫೋನ್ ಬಂದ್ರೆ ಯಾರು ಅಂತ ತಿಳೀತಿರ್ಲಿಲ್ಲ. ಅದಕ್ಕೇ ಬರ್ಕೊಳ್ಳೋರು. ಈ ನಾಗರಾಜ ಯಾವನು? ಕೂತ್ರೆ ಏಳಲ್ವಲ್ಲ, ಅವನು. ಹೀಗೆ. ಬೈಯೋಕಲ್ಲ, ಮರೆತುಬಿಟ್ರೆ ಅವಮಾನ ಆಗುತ್ತಲ್ಲ ಅಂತ."

ಶ್ರೀಕಂಠಯ್ಯ ಫೋಟೋದ ಕಡೆ ತಿರುಗಿದರು.

"ನಿಮ್ಮ ದನಿ ಕೇಳಿದ್ರೆ ಸಾಕಿತ್ತು ಅವರಿಗೆ. ಬರ್ಕೊಳ್ಳೋದೇನಿತ್ತು? ಆ ಪಟ್ಟೀಲಿ ನನ್ನ ಹೆಸರೂ ಇಲ್ಲ, ಬೇಕಾದ್ರೆ ನೋಡಿ."

ಶ್ರೀಕಂಠಯ್ಯ ಬಹಳ ಹೊತ್ತು ಅತ್ತರು. ನಾನೂ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ಭಟ್ಟರು ಸಾರಿನ ಪಾತ್ರೆ ಹಿಡಿದು ಯಾವ ಕಡೆ ಹೋಗಬೇಕೆಂದು ತಿಳಿಯದೆ ನಿಂತಿದ್ದರು. ಆಮೇಲೆ ಶ್ರೀಕಂಠಯ್ಯ ಕಣ್ಣೊರೆಸಿಕೊಂಡು, ಫೋನು ತೆಗೆದು, ತಾರಸಿಯ ಮೂಲೆಗೆ ಹೋಗಿ ಗಟ್ಟಿಯಾಗಿ ಮಾತಾಡತೊಡಗಿದರು.

"ನಾಗರಾಜ, ಎಲ್ಲಿದೀಯ? ಬಾರಯ್ಯ ಇಲ್ಲಿಗೆ. ನಿನ್ನ ಮರೀಬಾರ್ದು ಅಂತ ಬರ್ಕೊಂಡಿದ್ನಂತೆ ಕಣೋ ಅವನು. ಬಾ, ಬಂದ್ಬಿಡು. ಬೇರೆಯವರಿಗೂ ಹೇಳು."

ಎರಡು ಗಂಟೆಗೆ ರಾಯರು ಬಂದರು, ಅವರ ಹಿಂದೆ ಲಾಲ್‌ಬಾಗಿನ ಆರು ಮಂದಿ. ಆಮೇಲೆ ಮೂರು, ನಾಲ್ಕು ಜನರಾಗಿ ಬರತೊಡಗಿದರು. ಮತ್ತಿಕೆರೆಯಿಂದ ಒಬ್ಬ ಹಳೆಯ ವಿದ್ಯಾರ್ಥಿ ಆಟೋ ಓಡಿಸಿಕೊಂಡು ಬಂದ. ಅವನ ಮೆಸೇಜಿನಲ್ಲಿ 'ರುಕ್ಮಿಣಿಯ ಆಪರೇಷನ್ನಿಗೆ ರಕ್ತ ಕೊಟ್ಟ, ಮರೆಯಬಾರದು' ಎಂದಿತ್ತು. ಮೇಷ್ಟ್ರು ಮರೆತಿರಲಿಲ್ಲ ಎಂದು ಹೇಳಿಕೊಂಡು, ಯಾರೂ ಕೇಳದಿದ್ದರೂ ಎಲ್ಲರಿಗೂ ಅದನ್ನು ತೋರಿಸುತ್ತಿದ್ದ.

ಎಲ್ಲರೂ ಬಂದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಸರೋಜಮ್ಮನವರು ಬರಲಿಲ್ಲ, ಇನ್ನು ಆ ಮನೆಗೆ ಅವರು ಬರುವುದೂ ಇಲ್ಲ. ಬಿಲ್ಡರ್ ಗುರುರಾಜ್ ಬರಲಿಲ್ಲ. ಲೆಕ್ಕಕ್ಕೆ ಸಿಕ್ಕವರು ಎಂಬತ್ತೇಳು ಮಂದಿ. ಉಳಿದ ಅನ್ನವನ್ನು ಸಂಜೆ ಒಂದು ಅನಾಥಾಲಯಕ್ಕೆ ಕೊಟ್ಟುಬಂದೆವು. ರಾಯರು ಎಲೆ ಮುಂದೆ ಕೂರಲು ಮೊದಲು ಒಪ್ಪಲಿಲ್ಲ, ಅತ್ತೆ ಕೈಹಿಡಿದು ಕೂರಿಸಿದರು. ಊಟ ಮುಗಿಸಿ, ಕುರ್ಚಿಗೆ ಬದಲಾಯಿಸಿಕೊಂಡು, ಐದೂವರೆಗೆ ಎದ್ದರು. ಮಾವ ಸುಳ್ಳು ಬರೆಯುವವರಲ್ಲ.

ಇಂಥ ಊಟ ಮಾಡಿ ಹೊರಡುವಾಗ 'ಹೋಗಿ ಬರ್ತೀನಿ' ಎನ್ನುವುದು ನಮ್ಮಲ್ಲಿ ನಿಷಿದ್ಧ. ಹೇಳದೆ ಎದ್ದು ಹೋಗಬೇಕು. ಹಾಗಾಗಿ ಒಬ್ಬೊಬ್ಬರೂ ಮಾತಿಲ್ಲದೆ ಮೆಟ್ಟಿಲಿಳಿಯುತ್ತಿದ್ದರೆ, ಇವರು ಸಂಪ್ರದಾಯಕ್ಕೆ ಸುಮ್ಮನಿದ್ದಾರೋ ಸಿಟ್ಟಿನಿಂದ ಸುಮ್ಮನಿದ್ದಾರೋ ನನಗೆ ತಿಳಿಯುತ್ತಿರಲಿಲ್ಲ. ಪ್ರತಿಯೊಬ್ಬರ ಬೆನ್ನಿಗೂ ಕೈಮುಗಿದೆ. ಕೊನೆಗೆ ಹೊರಟವರು ಶ್ರೀಕಂಠಯ್ಯ. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ನಾಳೆ ಐದಕ್ಕೆ ಬರ್ತೀನಿ, ರುಕ್ಮಿಣಮ್ಮ."

ಪಕ್ಕದಲ್ಲಿದ್ದ ಪುರೋಹಿತರು ಹಾಗೆನ್ನಬಾರದು ಎಂದು ಬಾಯಿ ತೆರೆದರು. ಅತ್ತೆ ಅವರ ಕಡೆ ನೋಡಲೂ ಇಲ್ಲ.

"ಬನ್ನಿ," ಎಂದರು. ಆಮೇಲೆ ಒಳಗೆ ಬಂದು ತಾವಾಗಿ ಹಾಲು ಕೇಳಿ ಕುಡಿದರು.

ಎಲ್ಲ ಮುಗಿದು ನಾವು ಮೂವರೇ ಉಳಿದಾಗ ನನಗೆ ಒಂದು ವಿಷಯ ಹೊಳೆಯಿತು.

"ಆ ಪಟ್ಟೀಲಿ ನಾನೂ ಇದ್ದಿರ್ಬೇಕಲ್ಲ. ನನಗ್ಯಾಕೆ ಮೆಸೇಜ್ ಬರ್ಲಿಲ್ಲ?" ಒಳಗೊಳಗೇ ಸ್ವಲ್ಪ ಹಿಗ್ಗಿದೆ. ಶ್ರೀಕಂಠಯ್ಯನವರ ಹಾಗೆ, ಅತ್ತೆಯ ಹಾಗೆ, ಬರೆದುಕೊಳ್ಳಬೇಕಾಗಿಲ್ಲದವರ ಸಾಲಿನಲ್ಲಿ ನಾನೂ ಇರಬಹುದು. ಮಾವನ ಅಕ್ಕನ ಒಬ್ಬನೇ ಮಗನಲ್ಲವೇ.

ಮಾಲತಿ ತನ್ನ ಫೋನನ್ನು ನನ್ನ ಮುಂದಿಟ್ಟಳು. "ನಿಮ್ಮ ಫೋನಲ್ಲಿ ಯಾವತ್ತೂ ಚಾರ್ಜ್ ಇರಲ್ಲ ಅಂತ ಮಾವ ನನ್ನ ನಂಬರ್ ಹಾಕ್ಕೊಂಡಿದ್ರು. ನನಗೆ ಅವತ್ತು ಹನ್ನೆರಡು ಗಂಟೆಗೇ ಬಂತು. ನಾನು ನೋಡೋ ಹೊತ್ತಿಗೆ ನೀವು ಕುಗ್ಗಿಹೋಗಿದ್ರಿ, ಇದನ್ನೂ ಯಾಕೆ ತೋರಿಸ್ಲಿ ಅಂತ ಸುಮ್ಮನಿದ್ದೆ."

'ಚಿ. ರಘು, ಒಳ್ಳೆಯವನು ಕೆಲಸ ಹೇಳಬಾರದು, ಇವರಿಗೆ.'

ಮೂರು ಸಲ ಓದಿದೆ. ಈ ಒಂದನ್ನು ಮಾತ್ರ ಸರಿಯಾಗಿ ಓದಿದೆ.

"ನಂಗೆ ಗೊತ್ತಿತ್ತು," ಎಂದರು ಅತ್ತೆ. "ಅವರು ಹೇಳ್ತಾನೇ ಇದ್ರು. ನಾನು 'ಒಳ್ಳೆಯವನು' ಅನ್ನೋದನ್ನ ಮಾತ್ರ ಕೇಳಿಸ್ಕೊಂಡೆ, ಮುಂದಿನದ್ದು ಬಿಟ್ಟೆ."

ಮುಂದಿನ ತಿಂಗಳು ಮಾಸಿಕವಿದೆ. ಯಾರ್ಯಾರಿಗೆ ಹೇಳಬೇಕೋ ಅವರಿಗೆಲ್ಲ ಮಾಲತಿ ಕೈಯಲ್ಲೇ ಬರೆಯುತ್ತಾಳೆ. ಪುರೋಹಿತರಿಗೆ, ಭಟ್ಟರಿಗೆ ಹೇಳುವ ಕೆಲಸ ಶ್ರೀಕಂಠಯ್ಯನವರದು. ಎಲೆ ತರುವುದು ಆಟೋದವನು. ಕೊನೆಗೆ ನನ್ನ ಸರದಿ ಬಂದಾಗ ಅತ್ತೆ ಸ್ವಲ್ಪ ಯೋಚಿಸಿ, ನನಗೆ ಬಾಗಿಲಲ್ಲಿ ನಿಲ್ಲುವ ಕೆಲಸ ಕೊಟ್ಟರು. ಬಂದವರಿಗೆಲ್ಲ 'ಹೇಗಾಯಿತು' ಎಂಬುದನ್ನು ಮೊದಲಿನಿಂದ ಹೇಳಬೇಕು. ಅದನ್ನೇ ಈಗ ನಿಮ್ಮ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ.